ಗಂಟು

ಲುಸಾಕಾದಿಂದ ಬಂದ ಮುತಿಂತಾ ಸಿಸ್ಟರ್
ಸಾಗರದ ಆಸ್ಪತ್ರೆಯ ಮೇಜಿನ ಮೇಲೆ
ರಬ್ಬರಿನ ಎದೆಯಿಟ್ಟು, ಹುಡುಕಿ ಅಂದಳು.
ಒಳಗೆ ಮೂರಿವೆ.
ನನ್ನ ಬೆರಳಿಗೆ ಸಿಕ್ಕಿದ್ದು ಎರಡು.

ಒತ್ತಬೇಡ, ಆಲಿಸು ಎಂದು
ನನ್ನ ಬೆರಳ ಮೇಲೆ ತನ್ನ ಬೆರಳಿಟ್ಟಳು.
ಇದಕ್ಕೆ ನಿಮ್ಮಲ್ಲಿ ಏನಂತಾರೆ?
ಗಂಟು.
ಸೆರಗಿನ ತುದಿಯ ಚಿಲ್ಲರೆಗೂ ಅದೇ, ಮದುವೆಗೂ ಅದೇ,
ಮುನಿದ ಮುಖಕ್ಕೂ ಅದೇ.
ಬರೆದುಕೊಂಡಳು, ತನ್ನ ಲಿಪಿಯಲ್ಲಿ.

ಗುರುವಾರ ಬಂಗಾರಮ್ಮ ಬಂದಳು, ತುಮರಿಯಿಂದ,
ಮಂಡಿನೋವೆಂದು.
ಎಡಗೈ ಮಾತ್ರ ಮೈಗೆ ಒತ್ತಿಕೊಂಡೇ ಇದ್ದಳು.
ಪರದೆ ಎಳೆದೆ, ಅಂಗೈ ಉಜ್ಜಿ ಬಿಸಿ ಮಾಡಿಕೊಂಡೆ.
ಗಂಟೇನಾದ್ರೂ ಉಂಟಾ ಅಮ್ಮಾ?
ನಕ್ಕಳು: ಗಂಟಿದ್ದಿದ್ರೆ ಸರ್ಕಾರಿ ಆಸ್ಪತ್ರೆಗೆ ಬರ್ತಿದ್ನಾ ಮಗಾ?
ನಗುತ್ತಲೇ ಕುಪ್ಪಸದ ಗುಂಡಿ ಬಿಚ್ಚಿದಳು.

ಬೆರಳು ನಿಂತಿತು.
ಪರದೆಯಾಚೆಗೆ ಮೆಲ್ಲಗೆ ಒಂದೇ ಪದ ಅಂದೆ.
ಅಷ್ಟು ಕನ್ನಡ ಮುತಿಂತಾಗೆ ಬರುತ್ತಿತ್ತು.