ಅಂಕೆ

ತಾರ್ನುಫ್ ಊರಿನ ಹೆರಿಗೆ ಆಸ್ಪತ್ರೆ, ನೆಲಮಾಳಿಗೆ,
ಎಂಬತ್ತೈದರ ಚಳಿಗಾಲ.
ನನ್ನ ಕೆಲಸ ಇಷ್ಟೇ:
ಬೇರೆಯವರ ಬೆಳಗಿನ ಜಾವಗಳನ್ನು ಕೂಡುವುದು.

ಇನ್ನೂರ ಹನ್ನೆರಡು ಜೋಡಿ.
ಎಚ್ಚರಾದವಳು ಹಾಸಿಗೆ ಬಿಡುವ ಮುನ್ನ
ನಾಲಗೆಯಡಿ ಗಾಜಿನ ಕಡ್ಡಿ ಇಟ್ಟುಕೊಂಡು
ಐದು ನಿಮಿಷ ಮಾತಿಲ್ಲದೆ ಮಲಗಿರಬೇಕು.
ಮೂವತ್ತಾರು ಪಾಯಿಂಟ್ ನಾಲ್ಕು.
ಮೂವತ್ತಾರು ಪಾಯಿಂಟ್ ನಾಲ್ಕು.
ಮೂವತ್ತಾರು ಪಾಯಿಂಟ್ ಏಳು.
ಮೂರು ದಿನ ಕಾವು ಏರಿಯೇ ನಿಂತರೆ
ಆಮೇಲೆ ಗಂಡ ಈಚೆ ಹೊರಳಬಹುದು.

ಪಟ್ಟಿಗಳು ಅಂಚೆಯಲ್ಲಿ ಬರುತ್ತವೆ,
ಕಲ್ಲಿದ್ದಲ ಮಸಿಯ ಹೆಬ್ಬೆರಳ ಗುರುತು ಹೊತ್ತು.
ಅಂಚಿನಲ್ಲಿ ಸಣ್ಣಕ್ಷರ:
‘ರಾತ್ರಿ ಪಾಳಿ.’
‘ಮಗುವಿಗೆ ದಡಾರ, ನಿದ್ದೆಯಿಲ್ಲ.’
‘ಥರ್ಮಾಮೀಟರ್ ಒಡೆಯಿತು, ಅಂಗಡಿಯಲ್ಲಿ ಇಲ್ಲ,
ಪಾದರಸ ಮಂಚದಡಿ ಓಡಿತು, ಇನ್ನೂ ಸಿಕ್ಕಿಲ್ಲ.’
ಎಂಬತ್ತೆಂಟನೆಯವಳು:
‘ಗಣಿಯಿಂದ ಹದಿನೇಳು ದಿನಕ್ಕೆ ಬಂದ. ನಿಯಮ ಮುರಿದೆವು.
ಬರೆಯದಿದ್ದರೂ ನಡೆಯುತ್ತಿತ್ತೇನೋ. ಬರೆದಿದ್ದೇನೆ.’

ಹದಿಮೂರು ಮುಟ್ಟು ಸೇರಿದರೆ ಒಂದು ಹೆಣ್ಣುವರ್ಷ.
ಇದೊಂದು ಮಾನ, ಲೀಟರು, ಕಿಲೋ ಇದ್ದ ಹಾಗೆ.
ಸ್ತೆಫಾನಿಯಾಳ ಏಳು, ಬೊಗುಮಿವಾಳ ಆರು
ಹೊಲಿದರೆ ಒಂದು ವರ್ಷ;
ಅವರಿಬ್ಬರು ಒಬ್ಬರನ್ನೊಬ್ಬರು ಕಂಡವರಲ್ಲ.
ಅಂಥ ಇನ್ನೂರು ವರ್ಷ ನನ್ನ ಮೇಜಿನ ಮೇಲಿತ್ತು,
ದಾರ ಕಟ್ಟಿ, ಎರಡು ಸಾವಿರದ ಆರುನೂರು ಪಟ್ಟಿ.
ಬಸಿರು ಮೂವತ್ತನಾಲ್ಕು.

ಡಾಕ್ಟರ್ ಕೊಸ್ತ್‌ಷೇವಾ ಒಳ್ಳೆಯವರು, ಅವಸರದಲ್ಲಿದ್ದರು.
ಇಪ್ಪತ್ತೇಳು ಮಂದಿ ನಿಯಮ ಮುರಿದವರು, ತೆಗೆದಿಡು, ಅಂದರು.
ಉಳಿದದ್ದು ಏಳು. ಭಾಗಿಸು.
ನೂರಕ್ಕೆ ಮೂರೂವರೆ.
ಪೆನ್ನಿನ ಕ್ಯಾಪು ಮುಚ್ಚಿದರು.

ನಾನು ಗುಮಾಸ್ತೆ. ಆದರೂ ಬಾಯಿ ಬಂತು:
ಮೇಲಿನಿಂದ ಕಳೆದಿರಿ, ಡಾಕ್ಟರ್,
ಕೆಳಗಿನಿಂದ ಕಳೆಯಲಿಲ್ಲ.
ನಿಯಮ ಮುರಿದ ಪಟ್ಟಿ ಏಳುನೂರ ಎಂಬತ್ತು.
ಸಿಕ್ಕಿಬಿದ್ದವು ಇಪ್ಪತ್ತೇಳು,
ಮಿಕ್ಕ ಏಳುನೂರ ಐವತ್ತಮೂರು ರಾತ್ರಿ-ತಿಂಗಳುಗಳಲ್ಲಿ
ಏನೂ ಆಗಲಿಲ್ಲ, ಅಷ್ಟೇ.
ಆ ಅದೃಷ್ಟವನ್ನೂ ವಿಧೇಯತೆಯ ಖಾತೆಗೆ ಹಾಕಿದಿರಿ.

ಅವರು ಕನ್ನಡಕ ಒರೆಸಿದರು. ಬಹಳ ಹೊತ್ತು ಒರೆಸಿದರು.
ಮತ್ತೆ ತಾವೇ ಕೂತು ಭಾಗಿಸಿ,
ಹಲ್ಲು ಕಿತ್ತವರ ದನಿಯಲ್ಲಿ, ಐದು, ಅಂದರು.
ಐದು ಅಂತಲೇ ಬರಿ.

ಅಷ್ಟಕ್ಕೆ ಮುಗಿಯಬೇಕಿತ್ತು.
ಪಟ್ಟಿ ಕಳಿಸುವುದನ್ನೇ ನಿಲ್ಲಿಸಿದ ಹತ್ತೊಂಬತ್ತು ಹೆಸರು
ಬೇರೆ ಡಬ್ಬಿಯಲ್ಲಿದ್ದವು; ಅವರಿಗೆ ಭಾಗಾಕಾರವಿಲ್ಲ.
ಒಂದು ಭಾನುವಾರ ಬಸ್ಸು ಹತ್ತಿದೆ, ಅರವತ್ತೊಂದನೆಯವಳ ಮನೆಗೆ.
ಗೆನೊವೆಫಾ ಅಂತ ಹೆಸರು, ಆವರೆಗೆ ನನಗೆ ಗೊತ್ತಿರಲಿಲ್ಲ.
ಬಾಗಿಲು ತೆರೆದಳು, ಸೊಂಟದ ಮೇಲೆ ಕೂಸು.

ನನ್ನನ್ನು ಕಂಡು ಮುಖ ಕೆಂಪಾಯಿತು.
ಬೀರುವಿನಿಂದ ಪಟ್ಟಿಗಳನ್ನು ತಂದಳು,
ಕೊನೆಯ ನಾಲ್ಕು ತಿಂಗಳದ್ದು, ಇಸ್ತ್ರಿ ಹಾಕಿದಷ್ಟು ನೀಟು.
ಒಂದು ದಿನ ಬಿಟ್ಟಿಲ್ಲ. ಒಂದು ನಿಯಮ ತಪ್ಪಿಲ್ಲ.
ಮತ್ತೆ ಯಾಕೆ ಕಳಿಸಲಿಲ್ಲ?
‘ನನ್ನಿಂದ ನಿಮ್ಮ ಲೆಕ್ಕ ಕೆಡುತ್ತಿತ್ತಲ್ಲ,’ ಅಂದಳು.
‘ಡಾಕ್ಟರು ಎಷ್ಟು ಒಳ್ಳೆಯವರು.’

ಫಾರಂ ಕೇಳುತ್ತದೆ: ಈ ಬಸಿರು ಬೇಕಿತ್ತೋ, ಬೇಡವಿತ್ತೋ.
ನಾನೂ ಕೇಳಿದೆ.
‘ಮಾರ್ಚಿನಲ್ಲಿ ಬೇಡವಿತ್ತು. ಮೇ ತಿಂಗಳಲ್ಲಿ ಅತ್ತೆ.
ಆಮೇಲಿನದು... ಸ್ವಲ್ಪ ಎತ್ತಿಕೊಳ್ಳಿ ಇವನನ್ನು,
ಹಾಲು ಉಕ್ಕುತ್ತಿದೆ.’

ಎರಡು ಕೈಯೂ ತುಂಬಿತು.
ಪೆನ್ಸಿಲನ್ನು ಹಲ್ಲಿನಲ್ಲಿ ಕಚ್ಚಿಕೊಂಡೆ,
ಮಾತಾಡುವ ಹಾಗಿಲ್ಲ, ಅಲುಗಾಡುವ ಹಾಗಿಲ್ಲ,
ಐದು ನಿಮಿಷವಾದರೂ ಆಗಿರಬೇಕು.
ನನ್ನ ಕುತ್ತಿಗೆಗೆ ಒತ್ತಿದ ಆ ತಲೆಯ ಕಾವು
ಎಷ್ಟಿತ್ತೆಂದು ಅಳೆಯಲಿಲ್ಲ.

ಸೋಮವಾರ ಹೋಗಿ ಏಳನ್ನು ಎಂಟು ಮಾಡಿದೆ.
ಡಬ್ಬಿಯಲ್ಲಿ ಇನ್ನೂ ಹದಿನೆಂಟು ಹೆಸರಿವೆ.