ಬೆಟಗೇರಿಗೆ ಬಂದ ರೋನ್

ಹುಬ್ಬಳ್ಳಿ ಹೋಟೆಲಿನ್ಯಾಗ ಯಾರೋ ಅರ್ಧಾ ಬಿಟ್ಟುಹೋದ ಬಾಟ್ಲಿ,
ಮಫ್ಲರಿನ್ಯಾಗ ಸುತ್ತಿ
ಕಡೀ ಪ್ಯಾಸೆಂಜರಿಗೆ ಗದಗ ಇಳಿದು
ಬೆಟಗೇರಿಗೆ ತಂದೆ.
ಖಾನಾವಳಿ ಶಟರ್ ಅರ್ಧಾ ಎಳೆದಿತ್ತು.
ಯಮುನಾಬಾಯತ್ತಿ ಹಂಚು ತಿಕ್ಕಾಕತ್ತಿದ್ಲು.

"ಏನೋ ಅದು, ಕೆಮ್ಮಿನ ಔಷಧಾ?"
"ಫ್ರಾನ್ಸಿಂದತ್ತಿ. ರೋನ್ ಅಂತ ಹೊಳಿ, ಅದರ ದಂಡಿದು.
ಮೂರು ದ್ರಾಕ್ಷಿ ಕೂಡಿಸ್ಯಾರ,
ಗ್ರೆನಾಶ್, ಸಿರಾ, ಮೂರ್ವೆದ್ರ್."
ತರಬೇತಿಯಾಗ ಬಾಯಿಪಾಠ ಮಾಡಿದ್ದು.
ಮೂರನೇದಕ್ಕ ಇನ್ನೂ ನಾಲಿಗಿ ಎಡವತೈತಿ.

ಸ್ಟೀಲಿನ ವಾಟಗದಾಗ ಹಾಕಿಸಿಕೊಂಡು
ಮೂಸಿದ್ಲು,
ಮೆಣಸಿನಕಾಯಿ ಚೀಲದ ಬಾಯಿ ಬಿಚ್ಚಿ ಮೂಸೂ ಹಂಗ.
ಒಂದು ಗುಟುಕು.
"ಒಂದು ಸಿಹಿ, ಮೈ ಬೆಚ್ಚಗ ಮಾಡತೈತಿ.
ಒಂದು ನಮ್ಮ ಬ್ಯಾಡಗಿ ಇದ್ದಂಗ, ಬಣ್ಣ ಎಲ್ಲಾ ಅದರದs,
ಹಿಂದಿಂದ ಕರಿಮೆಣಸು ಬರತೈತಿ.
ಇನ್ನೊಂದು ಮಾತಾಡಂಗಿಲ್ಲ.
ಮೂಲ್ಯಾಗ ಕುಂತೈತಿ, ಹಳೇ ಜೋಡಿನ ಚರ್ಮದ ವಾಸನಿ.
ಅದನ್ನ ಎಬ್ಬಿಸಿ ಕಳಿಸಿದ್ರ
ಉಳದೆರಡೂ ಜಗಳಾಡಿ ಸಾಯ್ತಾವ."

ಚಾಕಣಾ ಬಡಿಸಿದ್ಲು. ತಿಂದು ಕುಡಿದೆ.
ಕುಲುಮಿಗೆ ತಿದಿ ಒತ್ತಿದಂಗಾತು.
ಕಣ್ಣಾಗ ನೀರು, ಮೂಗಿನ್ಯಾಗ ನೀರು,
ವೈನು ಬರೇ ಬೇವಿನ ತೊಗಟಿ.
ಆಕಿ ನಗಲಿಲ್ಲ.
ವಿಚಾರ ಮಾಡಾಕತ್ತಿದ್ಲು, ಉಪ್ಪು ಹೆಚ್ಚಾದಾಗ ಮಾಡೂ ಹಂಗ.

ಒಳಗ ಹೋಗಿ ಸಣ್ಣದೊಂದು ಪಾತೇಲಿ ತಂದ್ಲು.
ಕೆಂಪು ಮಸಾಲಿ ಬೀಳೂಕಿಂತ ಮೊದಲs
ಮಮ್ಮಗನ ಸಲುವಾಗಿ ತಗದಿಟ್ಟ ಎಲುಬಿನ ರಸ,
ಅರಿಶಿಣ, ಬಳ್ಳೊಳ್ಳಿ, ಮತ್ತೇನಿಲ್ಲ.
ಕಟಕ್ ರೊಟ್ಟಿ ಮುರಿದು ಅದರಾಗ ಒತ್ತಿ,
"ಈಗ ಕುಡಿ."

ಕುಡಿದೆ.
ಮೂಲ್ಯಾಗ ಕುಂತಿದ್ದು ಎದ್ದು ಬಂತು.

ನಲವತ್ತು ವರ್ಷ ಈ ಖಾನಾವಳಿ ಊರಿಗೆಲ್ಲಾ ಬೆಂಕಿ ಬಡಿಸೈತಿ.
ಈ ರಸ ಮಾತ್ರ
ಒಂದು ದಿವಸಾನೂ ರೇಟಿನ ಹಲಗಿ ಮ್ಯಾಲೆ ಬಂದಿಲ್ಲ.

"ಇದನ್ನ ಕೂಡಿಸಿದ ಕೈ ಯಾರದೋ?"
ಬಾಟ್ಲಿ ತಿರುವಿ ತಿರುವಿ ಓದಿದೆ.
ಊರಿತ್ತು, ಇಸವಿ ಇತ್ತು, ಮಾಲಕನ ಮನೆತನ ಇತ್ತು.
"ಹೆಸರಿಲ್ಲತ್ತಿ."
"ಎಲ್ಲಿಂದ ಇರತೈತಿ," ಅಂದ್ಲು,
ಶಟರಿನ ಆಚೆ ನೋಡ್ಕೋತ.
ಅಲ್ಲಿ ಟ್ಯೂಬ್‌ಲೈಟಿನ ಕೆಳಗ ಆಕಿ ಮಾವನ ಹೆಸರು:
ಗಣಪತಸಾ ಬಾಕಳೆ ಸಾವಜಿ ಖಾನಾವಳಿ.

ಬೂಚು ನಾನು ಹುಬ್ಬಳ್ಳ್ಯಾಗs ಬಿಟ್ಟು ಬಂದಿದ್ದೆ.
ಗೋವಿನಜ್ವಾಳದ ಬೆಂಡಿನ ತುಂಡು ಕೆತ್ತಿ
ಬಾಟ್ಲಿ ಬಾಯಿಗೆ ಒತ್ತಿದ್ಲು,
ಮಸಾಲಿ ಡಬ್ಬಿಗೋಳ ಸಾಲಿನ್ಯಾಗ ಸ್ವಲ್ಪ ಜಾಗಾ ಸರಿಸಿ
ನಿಲ್ಲಿಸಿದ್ಲು.
"ನಾಳೆ ಹುಡುಗಂದು
ಒಂದು ಸೌಟು ಹೆಚ್ಚಿಗಿ ತಗದಿಡತೀನಿ."