ಓರೆ ತಂತಿ

ಹ್ಯಾಲಿಫ್ಯಾಕ್ಸಿನ ಏರುಬೀದಿ, ಸಾಲುಮನೆ, ಹನ್ನೊಂದನೇ ಬಾಗಿಲು.
ಮೇನ್ ಸ್ವಿಚ್ಚಿನ ಮೇಲೆ ನನ್ನ ಕೈ.
ನಮ್ಮವ್ವ ದೀಪ ಆರಿಸು ಅಂದವಳಲ್ಲ,
ದೊಡ್ಡದು ಮಾಡು ಅನ್ನುತ್ತಿದ್ದಳು.
ದೊಡ್ಡದು ಮಾಡಿದೆ.
ಫ್ರಿಜ್ಜಿನ ಗೊಣಗಾಟ ನಿಂತಿತು.

"ನಂಬಬೇಡ," ಅಂದ ನಾರ್ಮನ್.
ಮೊದಲು ಬ್ಯಾಟರಿ ಪೆಟ್ಟಿಗೆಗೆ ಮುಟ್ಟಿಸು ಟೆಸ್ಟರು, ಹೊತ್ತಿಕೊಳ್ಳಲಿ;
ಆಮೇಲೆ, ಸತ್ತಿದೆ ಅಂದುಕೊಂಡ ತಂತಿಗೆ;
ಮತ್ತೆ ಬ್ಯಾಟರಿ ಪೆಟ್ಟಿಗೆಗೆ.
ನಡುವೆ ಟೆಸ್ಟರೇ ಸತ್ತಿದ್ದರೆ?
ಸಾಕ್ಷಿಯನ್ನೇ ಎರಡು ಸಲ ವಿಚಾರಿಸುವ ನ್ಯಾಯ
ಯಾವ ಪಂಚಾಯ್ತಿಯಲ್ಲೂ ನಾನು ಕಂಡಿರಲಿಲ್ಲ.

ನೆಲದ ಹಲಗೆ ಎಬ್ಬಿಸಿದರೆ ಮಸಿ,
ಕುದುರೆಗೂದಲು ಬೆರೆಸಿದ ಗಾರೆಯ ಚೂರು, ಒಂದು ಗೋಲಿ,
ರಬ್ಬರು ಒಣಗಿ ಚಕ್ಕುಲಿಯಂತೆ ಮುರಿಯುವ ಹಳೇ ವೈರು.
ಮೂಲೆಯಲ್ಲಿ ಮೂರು ದುಂಡುಕಣ್ಣಿನ ಕರೀ ಸಾಕೆಟ್ಟು.
ನಾರ್ಮನ್‌ಗೆ ಅದು ಮ್ಯೂಸಿಯಮ್ಮಿನ ಮಾಲು.
ರಾಣೆಬೆನ್ನೂರಿನ ಟೇಲರ್ ಅಂಗಡಿಯಲ್ಲಿ ಅದರ ತಮ್ಮ
ಇವತ್ತಿಗೂ ಅವ್ವನ ಇಸ್ತ್ರಿಪೆಟ್ಟಿಗೆ ಕಾಯಿಸುತ್ತಾನೆ.
ಹೇಳಿದೆ. "ಹೌದಾ," ಅಂದು ಚಹಾ ಹೀರಿದ.

ಗೋಡೆಯೊಳಗೆ ಕೇಬಲ್ ಇಳಿಸುವುದು
ಲಂಗಕ್ಕೆ ಲಾಡಿ ಪೋಣಿಸಿದ ಹಾಗೆ.
ಸವೆದ ಬ್ರಷ್ಷಿನ ಹಿಡಿಯ ತೂತಿಗೆ ಲಾಡಿ ಕಟ್ಟಿ
ನೆರಿಗೆ ಹಿಂದಕ್ಕೆ ಸರಿಸುತ್ತ
ಬಟ್ಟೆಯ ಮೇಲಿಂದಲೇ ತುದಿ ಹುಡುಕುತ್ತಿದ್ದವು ಅವ್ವನ ಬೆರಳು.
ಇಲ್ಲಿ ದಾರದ ತುದಿಗೊಂದು ನಟ್ಟು.
ಅಟ್ಟದಲ್ಲಿ ಮಕಾಡೆ ಮಲಗಿ ನಾನು ಬಿಡುತ್ತೇನೆ,
ಕೆಳಗೆ ನಾರ್ಮನ್ ಗೋಡೆಗೆ ಕಿವಿಯಿಟ್ಟು.
ಟಿಕ್. ಟಿಕ್. ಏನಿಲ್ಲ.
ಎಲ್ಲೋ ಅಡ್ಡಪಟ್ಟಿ. ಎತ್ತು, ತುಸು ಎಡಕ್ಕೆ, ಬಿಡು.
"ಬಂತಾ?"
"ಇಲ್ಲ."
"ಈಗ?"
ಎಳೆಯುವವನಿಗೆ ಅವಸರ ಸಲ್ಲ,
ಉಣಿಸುವವಳ ಹಿಡಿತ ಬಿಗಿಯಾಗಬಾರದು;
ಬೂದು ಕೋಟಿನೊಳಗೆ ಕಂದು, ನೀಲಿ,
ನಡುವೆ ಬರಿಮೈಯ ತಾಮ್ರ
ತಿರುಚಿಕೊಳ್ಳದೆ ಕತ್ತಲಿಗಿಳಿಯಬೇಕು.

ಕಾಣದ ತಂತಿಗೂ ನಡತೆ ಇದೆ.
ಸಾಕೆಟ್ಟಿನಿಂದ ನೆಟ್ಟಗೆ ಮೇಲೆ, ಇಲ್ಲವೇ ನೆಟ್ಟಗೆ ಪಕ್ಕಕ್ಕೆ.
ಓರೆಯಾಗಿ ಬೇಡವೇ ಬೇಡ, ಹತ್ತಡಿ ಉಳಿದರೂ.
ನಾಳೆ ಯಾರೋ ಮೊಳೆ ಹೊಡೆಯುತ್ತಾರೆ.
ಅವರ ಮುಖ ನಾವು ನೋಡಿರುವುದಿಲ್ಲ,
ಅವರ ಊಹೆಗೆ ಸಿಗುವ ಹಾಗೆ ಹೋಗಿರಬೇಕು.

ಮಲಗುವ ಕೋಣೆಯ ಗಾರೆ ಕೆತ್ತಿದಾಗ ಸಿಕ್ಕಿತು:
ಸ್ವಿಚ್ಚಿನಿಂದ ಹೊರಟು, ಗೋಡೆಗೆ ಅಡ್ಡಾದಿಡ್ಡಿ
ಕಿಟಕಿಯ ಪಕ್ಕದ ದೀಪದವರೆಗೆ ಒಂದೇ ಎಳೆತ.
ಮದುವೆ ಫೋಟೋದ ಮೊಳೆಗೂ ಅದಕ್ಕೂ ನಡುವೆ
ನನ್ನ ಕಿರುಬೆರಳು ಹಿಡಿಸಲಿಲ್ಲ.

ಡೊರೀನ್ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಬಿಸ್ಕತ್ತಿನ ತಟ್ಟೆ.
"ವಿಲ್ಫ್ ಹಾಕಿದ್ದು. ಒಂದು ಭಾನುವಾರ.
ಎಲ್ಲದಕ್ಕೂ ಒಳದಾರಿ ಅವನಿಗೆ."
ನಲವತ್ತೊಂದು ವರ್ಷ. ಮೊಳೆಯೂ ಅವನೇ ಹೊಡೆದದ್ದು.
"ಶುಕ್ರವಾರ ಶುಕ್ರವಾರ ಒದ್ದೆಬಟ್ಟೆಯಲ್ಲಿ ಒರೆಸಿದ್ದೇನೆ ಅದನ್ನ," ಅಂದಳು.
ನಾರ್ಮನ್ ತನ್ನ ಮೀಟರು ನೋಡಿಕೊಂಡ,
ಅದರಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ನಮ್ಮೂರಲ್ಲಿ ಒಂದು ಕಾಲಕ್ಕೆ ತಂತಿ ಬಂತು ಅಂದರೆ
ಒಡೆಯುವ ಮೊದಲೇ ಅಳುತ್ತಿದ್ದರಂತೆ.
ಡೊರೀನ್ ನಗುತ್ತಿದ್ದಳು, ಸ್ವಲ್ಪ,
ಎಂದೋ ಸತ್ತವನು
ಈಗ ತಾನೇ ತಪ್ಪಿಸಿಕೊಂಡ ಹಾಗೆ.

ಪೂರ್ತಿ ತೆಗೆದರೆ ಗೋಡೆಯೇ ಬರುತ್ತಿತ್ತು.
ಎರಡೂ ತುದಿ ಕತ್ತರಿಸಿ, ಮೂರು ಸಲ ನೋಡಿ, ಅಲ್ಲೇ ಬಿಟ್ಟೆವು.
ಹೊಸದು ತೂಗುಗುಂಡಿನ ನೇರಕ್ಕೆ ಇಳಿಯಿತು.
ಎಲ್ಲಿ ಹೋಗಿದೆ ಅಂತ ನಾಳೆಯವರಿಗೆ ಪೆಟ್ಟಿಗೆಯ ಬಾಗಿಲ ಮೇಲೆ ಬರೆದೆ,
ಹಳೆಯದು ಎಲ್ಲಿ ಮಲಗಿದೆ ಅಂತಲೂ.

"ಫೋಟೋ ಅಲ್ಲೇ ಹಾಕು," ಅಂದಳು ಸಂಜೆ. "ಅದೇ ಮೊಳೆಗೆ."
ಅಲುಗಾಡಿಸಿ ನೋಡಿದೆ.
ಗಟ್ಟಿಯಾಗಿತ್ತು.